ಹತ್ತುವ ಮುನ್ನ, ಇಳಿದ ಮೇಲೆ

ವಿಧಾನಸೌಧದ ಮುಂದೆ ಹೊಸ ಬಸ್ಸುಗಳಿಗೆ ಹಸಿರು ನಿಶಾನೆ ತೋರಿಸಿದ ಮರುದಿನ ಪತ್ರಿಕೆಗಳ ತುಂಬ ಅಂಕಿಗಳಿರುತ್ತವೆ. ಇಷ್ಟು ಬಸ್ಸು, ಇಷ್ಟು ಕೋಟಿ, ಇಷ್ಟು ಹೊಸ ಮಾರ್ಗ. ಮೆಟ್ರೊ ಹೊಸ ಮಾರ್ಗ ತೆರೆದಾಗ ಇಷ್ಟು ಕಿಲೋಮೀಟರ್, ಇಷ್ಟು ನಿಲ್ದಾಣ. ಇವೆಲ್ಲ ಬೇಕಾದ ಅಂಕಿಗಳೇ. ಆದರೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳ ದಿನ ಈ ಅಂಕಿಗಳಿಂದ ಶುರುವಾಗುವುದಿಲ್ಲ. ಅವಳು ಮನೆ ಬಾಗಿಲು ಹಾಕಿಕೊಂಡು ಸ್ಟಾಪಿನವರೆಗೆ ನಡೆಯುತ್ತಾಳೆ. ಅಲ್ಲಿ ಕಾಯುತ್ತಾಳೆ. ಬಸ್ಸು ಬಂದರೆ ಹತ್ತಿ ಹೋಗುತ್ತಾಳೆ. ಇಳಿದ ಮೇಲೆ ಕಾರ್ಖಾನೆಯ ಗೇಟಿನವರೆಗೆ ಮತ್ತೆ ನಡೆಯುತ್ತಾಳೆ. ಸಂಜೆ ಇದೇ ನಾಲ್ಕು ಹಂತ ತಿರುವುಮುರುವಾಗಿ, ಈ ಸಲ ಕತ್ತಲಲ್ಲಿ.

ನಡಿಗೆ, ಕಾಯುವುದು, ಸವಾರಿ, ಮತ್ತೆ ನಡಿಗೆ. ಈ ನಾಲ್ಕರಲ್ಲಿ ನಮ್ಮ ಸಾರಿಗೆ ಸಂಸ್ಥೆಗಳು ಲೆಕ್ಕ ಇಡುವುದು ಮೂರನೆಯದನ್ನು ಮಾತ್ರ. ಉಳಿದ ಮೂರು ಯಾರ ಕಡತದಲ್ಲೂ ಇಲ್ಲ. ಫುಟ್‌ಪಾತ್ ಪಾಲಿಕೆಯದು, ಬೀದಿದೀಪ ಪಾಲಿಕೆಯ ಇನ್ನೊಂದು ವಿಭಾಗದ್ದು, ರಸ್ತೆ ದಾಟುವ ಸಿಗ್ನಲ್ ಸಂಚಾರ ಪೊಲೀಸರದು, ತಂಗುದಾಣ ಹಲವು ಕಡೆ ಜಾಹೀರಾತು ಗುತ್ತಿಗೆದಾರರದು. ಬಸ್ಸಿನ ಪ್ರಯಾಣ ಕಷ್ಟವಾಗುವುದೂ ಅಪಾಯವಾಗುವುದೂ ಹೆಚ್ಚಾಗಿ ಈ ಮೂರು ಹಂತಗಳಲ್ಲೇ. ಸಾರ್ವಜನಿಕ ಸಾರಿಗೆಯನ್ನು ಸುಧಾರಿಸುವ ಮಾತು ಇಲ್ಲಿಂದಲೇ ಆರಂಭವಾಗಬೇಕು ಎಂಬುದು ಈ ಬರಹದ ವಾದ.

ಬೆಂಗಳೂರನ್ನೇ ಉದಾಹರಣೆಯಾಗಿ ನೋಡೋಣ. 1997ರ ಆಗಸ್ಟ್ 15ರಂದು ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟು ಬಿಎಂಟಿಸಿ ಸ್ವತಂತ್ರ ಸಂಸ್ಥೆಯಾಯಿತು. ಇಂದು ಅದರ ಬಳಿ ಏಳು ಸಾವಿರದ ಆಸುಪಾಸು ಬಸ್ಸುಗಳಿವೆ. ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಅವುಗಳಲ್ಲಿ ಓಡಾಡುತ್ತಾರೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಲಾರಂಭಿಸಿದ ನಮ್ಮ ಮೆಟ್ರೊ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದಾಗ 96 ಕಿಲೋಮೀಟರ್ ತಲುಪಿತು. ದೇಶದ ಬಹುತೇಕ ನಗರಗಳಿಗೆ ಹೋಲಿಸಿದರೆ ಇದು ಹೆಮ್ಮೆಪಡಬೇಕಾದ ಆಸ್ತಿ. ಈ ಆಸ್ತಿಯ ಪೂರ್ತಿ ಫಲ ಜನಕ್ಕೆ ಸಿಗಬೇಕಾದರೆ ಏನಾಗಬೇಕು ಎಂಬುದೇ ಪ್ರಶ್ನೆ.

ನಡೆಯುವ ದಾರಿ

ಬಸ್ಸಿನ ಪ್ರತಿ ಪ್ರಯಾಣಿಕರೂ ಒಂದು ಪ್ರಯಾಣದಲ್ಲಿ ಎರಡು ಸಲ ಪಾದಚಾರಿಗಳು. ಹೋಗುವಾಗ ರಸ್ತೆಯ ಈ ಬದಿಯಲ್ಲಿ ಹತ್ತಿದವರು ಬರುವಾಗ ಆ ಬದಿಯಲ್ಲಿ ಇಳಿಯುತ್ತಾರೆ. ಅಂದರೆ ದಿನಕ್ಕೆ ಒಂದು ಸಲವಾದರೂ ರಸ್ತೆ ದಾಟಲೇಬೇಕು. ಬೆಂಗಳೂರಿನಲ್ಲಿ ರಸ್ತೆ ಅಪಘಾತದಲ್ಲಿ ಸಾಯುವವರ ಪೈಕಿ ಸುಮಾರು ಮೂರನೇ ಒಂದರಷ್ಟು ಮಂದಿ ನಡೆದು ಹೋಗುತ್ತಿದ್ದವರು. ಅವರಲ್ಲಿ ಎಷ್ಟು ಜನ ಬಸ್ಸಿಗೆ ಹೊರಟಿದ್ದರು, ಎಷ್ಟು ಜನ ಬಸ್ಸಿಳಿದು ಬರುತ್ತಿದ್ದರು ಎಂಬ ವಿಂಗಡಣೆಯನ್ನು ಸಾರಿಗೆ ಸಂಸ್ಥೆಯ ಸುರಕ್ಷತಾ ವರದಿಯೊಳಗೆ ತರಬೇಕು. ಬಸ್ಸಿನೊಳಗೆ ಬಿದ್ದವರು ಮಾತ್ರ ಬಸ್ ಪ್ರಯಾಣಿಕರು ಎಂದುಕೊಂಡರೆ ದೊಡ್ಡ ಅಪಾಯ ಕಣ್ಣಿಗೇ ಬೀಳುವುದಿಲ್ಲ.

ಫುಟ್‌ಪಾತ್ ಹೇಗಿರಬೇಕು ಎಂಬುದಕ್ಕೆ ನಿಯಮಗಳ ಕೊರತೆಯಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 103ನೇ ಸಂಹಿತೆಯ ಪ್ರಕಾರ ವಸತಿ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ನಡಿಗೆ ಜಾಗ ಇರಬೇಕು. ವಾಣಿಜ್ಯ ಪ್ರದೇಶದಲ್ಲಿ 2.5 ಮೀಟರ್. ಫುಟ್‌ಪಾತ್ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. 1.8 ಮೀಟರ್ ಎಂಬ ಅಳತೆ ಎಲ್ಲಿಂದಲೋ ಬಂದದ್ದಲ್ಲ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದರೆ ಒಂದನ್ನೊಂದು ದಾಟಿ ಹೋಗಲು ಬೇಕಾಗುವ ಅಗಲ ಅದು. ನಮ್ಮ ಬಹಳಷ್ಟು ಬಡಾವಣೆಗಳಲ್ಲಿ ಫುಟ್‌ಪಾತ್ ಅಂಚು ಮೊಣಕಾಲಿನ ಎತ್ತರಕ್ಕೆ ಏರಿರುತ್ತದೆ, ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಯಲು ತಗ್ಗುತ್ತದೆ, ನಡುವೆ ಟ್ರಾನ್ಸ್‌ಫಾರ್ಮರ್ ನಿಂತಿರುತ್ತದೆ, ಮಳೆನೀರು ಚರಂಡಿಯ ಚಪ್ಪಡಿ ಬಾಯ್ದೆರೆದಿರುತ್ತದೆ. ಮಂಡಿನೋವಿರುವ ಅಜ್ಜಿ ಹತ್ತಿ ಇಳಿದು ಸಾಕಾಗಿ ರಸ್ತೆಯ ಮೇಲೆಯೇ ನಡೆಯುತ್ತಾರೆ. ಹಾಗೆ ನಡೆಯುವುದು ಅವರ ಅಶಿಸ್ತು ಅಲ್ಲ. ನಾವು ಕಟ್ಟಿಕೊಟ್ಟ ದಾರಿ ಅವರನ್ನು ಅಲ್ಲಿಗೆ ಇಳಿಸಿದೆ.

ಒಳ್ಳೆಯ ದಾರಿ ಕಟ್ಟುವುದು ನಮ್ಮಿಂದ ಆಗದ ಕೆಲಸವೂ ಅಲ್ಲ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಕೇಬಲ್ಲು, ಕೊಳವೆಗಳನ್ನೆಲ್ಲ ನೆಲದಡಿ ಒಂದು ಕ್ರಮದಲ್ಲಿ ಇಟ್ಟು, ಮೇಲೆ ಅಗಲವಾದ, ಸಮನಾದ ಫುಟ್‌ಪಾತ್ ಮಾಡಿದರು. ಪದೇ ಪದೇ ಅಗೆಯುವ ಕಾರಣವನ್ನೇ ಇಲ್ಲವಾಗಿಸುವುದು ಅದರ ಹಿಂದಿನ ಯೋಚನೆ. ಅಲ್ಲಿ ಇಂದಿಗೂ ಜನ ಧೈರ್ಯವಾಗಿ ನಡೆಯುತ್ತಾರೆ. ಆದರೆ ಅದು ನಗರದ ನಟ್ಟನಡುವಿನ ರಸ್ತೆಗಳ ಭಾಗ್ಯವಾಗಿಯೇ ಉಳಿಯಿತು. ಬಸ್ಸು ಹೆಚ್ಚು ಬೇಕಾಗಿರುವ ಬೊಮ್ಮನಹಳ್ಳಿ, ದಾಸರಹಳ್ಳಿ, ಮಹದೇವಪುರದ ಕಡೆಗೆ ಆ ಅಗಲ ಹೋಗಲಿಲ್ಲ.

ರಸ್ತೆ ದಾಟುವುದಕ್ಕೆ ನಾವು ಕಂಡುಕೊಂಡ ಉತ್ತರ ಸ್ಕೈವಾಕ್. ವಾಹನಗಳು ನೆಲದ ಮೇಲೆ ನೇರವಾಗಿ ಹೋಗುತ್ತವೆ. ನಡೆಯುವವರು ಎರಡು ಮಹಡಿ ಹತ್ತಿ, ನಡೆದು, ಎರಡು ಮಹಡಿ ಇಳಿಯಬೇಕು. ಲಿಫ್ಟ್ ಇದ್ದ ಕಡೆ ಅದು ಕೆಟ್ಟಿದ್ದರೆ ಗಾಲಿಕುರ್ಚಿಯವರಿಗೆ ರಸ್ತೆಯ ಆಚೆ ಬದಿ ಬೇರೊಂದು ಊರಿದ್ದಂತೆ. ಹೆದ್ದಾರಿಯಂಥ ವೇಗದ ರಸ್ತೆಯಲ್ಲಿ ಸ್ಕೈವಾಕ್ ಅನಿವಾರ್ಯ ಇರಬಹುದು. ನಗರದೊಳಗಿನ ಬಸ್ ಸ್ಟಾಪಿನ ಬಳಿ ಬೇಕಾಗಿರುವುದು ನೆಲಮಟ್ಟದಲ್ಲೇ ದಾಟುವ ಜೀಬ್ರಾ ಪಟ್ಟೆ, ವಾಹನದ ವೇಗ ತಗ್ಗಿಸುವ ಉಬ್ಬು, ಗುಂಡಿ ಒತ್ತಿದರೆ ಕೆಂಪಾಗುವ ಸಿಗ್ನಲ್, ನಡುವೆ ನಿಂತು ಉಸಿರಾಡಲು ಸುರಕ್ಷಿತ ದ್ವೀಪ.

ಕಾಯುವ ಹೊತ್ತು

ಕಾಯುವ ಒಂದು ನಿಮಿಷ ಸವಾರಿಯ ಎರಡು ನಿಮಿಷದಷ್ಟು ಭಾರ ಎಂಬುದು ಸಾರಿಗೆ ಯೋಜಕರು ಬಹುಕಾಲದಿಂದ ಬಳಸುವ ಸ್ಥೂಲ ಲೆಕ್ಕ. ಬಸ್ಸಿನೊಳಗೆ ಕೂತಾಗ ಮನೆ ಹತ್ತಿರವಾಗುತ್ತಿದೆ ಎಂಬ ಭರವಸೆ ಇರುತ್ತದೆ. ಸ್ಟಾಪಿನಲ್ಲಿ ನಿಂತಾಗ ಬಸ್ಸು ಬರುತ್ತದೋ ಇಲ್ಲವೋ ಎಂಬುದೇ ತಿಳಿಯದು. ಕತ್ತಲಾದ ಮೇಲೆ ಒಂಟಿಯಾಗಿ ನಿಂತ ಹೆಂಗಸಿಗೆ ಆ ನಿಮಿಷಗಳ ಭಾರ ಯಾವ ಸೂತ್ರಕ್ಕೂ ಸಿಗುವಂಥದ್ದಲ್ಲ.

ಇಲ್ಲಿ ಒಂದು ಸರಳ ಗಣಿತವನ್ನು ಎಲ್ಲರೂ ತಿಳಿದಿರಬೇಕು. ಒಂದು ಮಾರ್ಗದಲ್ಲಿ ಗಂಟೆಗೆ ಆರು ಬಸ್ಸು ಓಡುತ್ತವೆ ಅನ್ನಿ. ಹತ್ತು ನಿಮಿಷಕ್ಕೊಂದರಂತೆ ಬಂದರೆ ಸ್ಟಾಪಿಗೆ ಬಂದವರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಅದೇ ಆರು ಬಸ್ಸು ಎರಡೆರಡು ಜೊತೆಯಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ಬಂದರೆ ಸರಾಸರಿ ಕಾಯುವಿಕೆ ಹತ್ತು ನಿಮಿಷ. ಬಸ್ಸೂ ಅಷ್ಟೇ, ಚಾಲಕರೂ ಅಷ್ಟೇ, ಇಂಧನವೂ ಅಷ್ಟೇ; ಜನರ ಕಾಯುವಿಕೆ ಮಾತ್ರ ಎರಡು ಪಟ್ಟು. "ಬಂದರೆ ಒಟ್ಟಿಗೆ ಮೂರು ಬರುತ್ತೆ, ಇಲ್ಲದಿದ್ದರೆ ಒಂದೂ ಇಲ್ಲ" ಎಂದು ಸ್ಟಾಪಿನಲ್ಲಿ ಜನ ಬೇಸರದಿಂದ ಹೇಳುವುದು ಇದನ್ನೇ.

ಹೀಗೇಕಾಗುತ್ತದೆ? ಟ್ರಾಫಿಕ್‌ನಲ್ಲಿ ಸಿಕ್ಕಿ ಒಂದು ಬಸ್ಸು ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿನಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಕು. ಬಸ್ಸು ಇನ್ನಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಹಾಗಾಗಿ ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. ಚಾಲಕರ ತಪ್ಪು ಇದರಲ್ಲಿ ಏನೂ ಇಲ್ಲ. ಬಸ್ಸಿಗೆ ತನ್ನದೇ ಪಥ ಕೊಡುವುದು, ಮಾರ್ಗದ ನಡುವೆ ಒಂದೆರಡು ಕಡೆ ಅಂತರ ಸರಿಪಡಿಸುವುದು, ಹತ್ತಿಳಿಯುವ ಸಮಯ ತಗ್ಗಿಸುವುದು ಇದಕ್ಕೆ ಪರಿಹಾರ. 2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ ಆದ್ಯತಾ ಪಥ ಮಾಡಿದಾಗ ಈ ತತ್ವ ನಮ್ಮೂರಿನಲ್ಲೂ ನಡೆಯುತ್ತದೆ ಎಂಬುದನ್ನು ಜನ ಕಂಡರು. ಮೆಟ್ರೊ ಕಾಮಗಾರಿ ಶುರುವಾದಾಗ ಆ ಪಥ ಮಾಯವಾಯಿತು. ಮೆಟ್ರೊ ಕಂಬಗಳು ಎದ್ದು ನಿಂತ ಮೇಲೆ ಆ ಪಥವನ್ನು ಮತ್ತೆ ಬಸ್ಸಿಗೆ ಬಿಟ್ಟುಕೊಡಬೇಕು ಎಂಬ ಬೇಡಿಕೆಯನ್ನು ನಾವು ಕೈಬಿಡಬಾರದು.

ಮೆಟ್ರೊಗೂ ಇದೇ ನಿಯಮ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದ ದಿನ ಅದರ ಬಳಿ ಇದ್ದದ್ದು ಮೂರೇ ರೈಲು. 25 ನಿಮಿಷಕ್ಕೊಂದು ರೈಲು. ಕೋಟಿ ಕೋಟಿ ಖರ್ಚಿನ ಮೇಲ್ಸೇತುವೆ, ಹೊಳೆಯುವ ನಿಲ್ದಾಣ, ಎಲ್ಲ ಸಿದ್ಧವಿದ್ದರೂ ಬೋಗಿಗಳು ಬರುವುದು ತಡವಾದ್ದರಿಂದ ಪ್ಲಾಟ್‌ಫಾರ್ಮಿನಲ್ಲಿ ಜನ ಕಾಯಬೇಕಾಯಿತು. ರೈಲುಗಳು ಒಂದೊಂದಾಗಿ ಬಂದು ಸೇರಿದಂತೆ ಅಂತರ ತಗ್ಗಿತು. ಮಾರ್ಗ ಆಗ ನಿಜವಾಗಿ ಜನರದ್ದಾಗತೊಡಗಿತು.

ಕಾಯುವ ಹೊತ್ತಿಗೂ ಸುರಕ್ಷತೆಗೂ ಇರುವ ನಂಟನ್ನು ದೇಶ ಕಂಡದ್ದು ಅತ್ಯಂತ ಕ್ರೂರವಾದ ರೀತಿಯಲ್ಲಿ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಮುನಿರ್ಕಾ ಸ್ಟಾಪಿನಲ್ಲಿ ಮನೆಗೆ ಹೋಗಲು ವಾಹನಕ್ಕೆ ಕಾಯುತ್ತಿದ್ದ ಯುವತಿ ಮತ್ತು ಆಕೆಯ ಗೆಳೆಯ ಹತ್ತಿದ್ದು ಅಲ್ಲಿ ಜನರನ್ನು ಹತ್ತಿಸಿಕೊಳ್ಳಲು ಅನುಮತಿಯೇ ಇಲ್ಲದ ಖಾಸಗಿ ಬಸ್ಸನ್ನು. ಆ ಪಾತಕಕ್ಕೆ ಹೊಣೆ ಅದನ್ನು ಎಸಗಿದವರೇ. ಆದರೆ ಆ ಹೊತ್ತಿನಲ್ಲಿ ನಂಬಿ ಹತ್ತಬಹುದಾದ ಸರ್ಕಾರಿ ಬಸ್ಸು ಹತ್ತು ನಿಮಿಷಕ್ಕೊಂದು ಇದ್ದಿದ್ದರೆ ಎಂಬ ಪ್ರಶ್ನೆಯನ್ನು ಯಾವ ಸಾರಿಗೆ ಸಂಸ್ಥೆಯೂ ಮರೆಯಬಾರದು. ಮರುವರ್ಷ ಹೆಂಗಸರ ಸುರಕ್ಷತೆಗೆಂದು ನಿರ್ಭಯಾ ನಿಧಿ ಬಂತು. ಬಿಎಂಟಿಸಿ ಬಸ್ಸುಗಳಿಗೂ ಅದರಿಂದ ಕ್ಯಾಮೆರಾ, ಪ್ಯಾನಿಕ್ ಬಟನ್ ಬಂದವು. ಇವು ಬೇಕು. ಕ್ಯಾಮೆರಾ ಸಾಕ್ಷ್ಯ ಕೊಡುತ್ತದೆ, ಬಟನ್ ಸಹಾಯ ಕರೆಯುತ್ತದೆ. ಆದರೆ ಅವೆರಡೂ ಇರುವುದು ಬಸ್ಸಿನೊಳಗೆ. ಬಸ್ಸು ಇನ್ನೂ ಬಾರದೆ ಸ್ಟಾಪಿನಲ್ಲಿ ನಿಂತವಳನ್ನು ಕಾಯುವುದು ಬೆಳಕು, ಸುತ್ತಮುತ್ತ ನಾಲ್ಕು ಜನ, ತೆರೆದಿರುವ ಒಂದು ಅಂಗಡಿ, ಬೇಗ ಬರುವ ಬಸ್ಸು.

ಬೀದಿಬದಿ ವ್ಯಾಪಾರಿಗಳನ್ನು ಸ್ಟಾಪಿನ ಬಳಿಯಿಂದ ಪೂರ್ತಿ ಎಬ್ಬಿಸಬೇಕು ಎನ್ನುವವರು ಇದನ್ನು ಯೋಚಿಸಬೇಕು. ರಾತ್ರಿ ಹತ್ತರವರೆಗೆ ದೀಪ ಹಚ್ಚಿಕೊಂಡು ಕೂತ ಹೂವಿನವರು, ಚುರುಮುರಿ ಗಾಡಿಯವರು ಆ ಸ್ಟಾಪಿನ ಕಣ್ಣು. ನಡೆಯುವ ದಾರಿ ಬಿಟ್ಟು ಅವರಿಗೊಂದು ಗೊತ್ತಾದ ಜಾಗ ಕೊಟ್ಟರೆ ಕಾಯುವವರಿಗೂ ಧೈರ್ಯ, ಅವರಿಗೂ ಅನ್ನ. ಮುಚ್ಚಿದ ಗೋಡೆಯ ತಂಗುದಾಣಕ್ಕಿಂತ ಹಿಂದು ಮುಂದು ಕಾಣುವಂಥ ತಂಗುದಾಣ ಒಳ್ಳೆಯದು ಎಂಬುದೂ ಇದೇ ಕಾರಣಕ್ಕೆ.

ಕೆನಡಾದ ಟೊರಾಂಟೊ ನಗರದ ಸಾರಿಗೆ ಸಂಸ್ಥೆ 1991ರಲ್ಲಿ ಒಂದು ಸಣ್ಣ ನಿಯಮ ಮಾಡಿತು. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಹೆಂಗಸರು ಕೇಳಿದರೆ ಎರಡು ಸ್ಟಾಪುಗಳ ನಡುವೆಯೂ ಬಸ್ಸು ನಿಲ್ಲಿಸಿ ಇಳಿಸಬೇಕು. ಮನೆಯ ಓಣಿಯ ಬಾಯಲ್ಲೇ ಇಳಿದರೆ ಕತ್ತಲ ನಡಿಗೆ ಅಷ್ಟು ಕಡಿಮೆ. 2011ರಲ್ಲಿ ಅದನ್ನು ಎಲ್ಲ ಪ್ರಯಾಣಿಕರಿಗೂ ವಿಸ್ತರಿಸಿದರು. ಇದಕ್ಕೆ ಟೆಂಡರ್ ಬೇಡ, ಯಂತ್ರ ಬೇಡ. ಒಂದು ಸುತ್ತೋಲೆ ಸಾಕು. ನಮ್ಮಲ್ಲಿ ರಾತ್ರಿ ಹೊತ್ತು ಮನಸ್ಸಿರುವ ಚಾಲಕರು "ಇಲ್ಲೇ ಇಳ್ಕೊಳಮ್ಮ" ಎಂದು ನಿಲ್ಲಿಸುವುದುಂಟು. ಆ ಒಳ್ಳೆಯತನ ಎಲ್ಲ ಮಾರ್ಗಗಳಲ್ಲೂ ಹಕ್ಕಾಗಿ ಸಿಗಬೇಕು. ಹಾಗೆ ನಿಲ್ಲಿಸಿದ ಚಾಲಕರಿಗೆ ಸಮಯ ಮೀರಿದ ದಂಡ ಬೀಳಬಾರದು.

ಹತ್ತುವ ಮೆಟ್ಟಿಲು

ಬಸ್ಸು ಬಂತು. ಈಗ ಹತ್ತಬೇಕು. ನಗರ ಬಸ್ಸುಗಳನ್ನು ನೆಲದಿಂದ ಒಳಗಿನ ತಳದ ಎತ್ತರದ ಮೇಲೆ ಮೂರು ಬಗೆಯಾಗಿ ವಿಂಗಡಿಸುತ್ತಾರೆ: 400 ಮಿಲಿಮೀಟರಿನ ತಗ್ಗುತಳದವು, 650ರ ಅರೆತಗ್ಗಿನವು, 900ರ ಸಾಮಾನ್ಯ ಬಸ್ಸುಗಳು. 900 ಮಿಲಿಮೀಟರ್ ಎಂದರೆ ಸುಮಾರು ಮೂರು ಅಡಿ. ಸೀರೆ ಉಟ್ಟು, ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದವರು ಆ ಕಡಿದಾದ ಮೆಟ್ಟಿಲನ್ನು ಏರಬೇಕು. ಅಷ್ಟರಲ್ಲಿ "ರೈಟ್" ಅಂದಾಗಿರುತ್ತದೆ. ಗಾಲಿಕುರ್ಚಿಯವರಿಗೆ ಅದು ಮುಚ್ಚಿದ ಬಾಗಿಲು.

ತಗ್ಗುತಳದ ಬಸ್ಸಿದ್ದರೂ ಅದು ಫುಟ್‌ಪಾತಿಗೆ ಅಂಟಿಕೊಂಡಂತೆ ನಿಂತರೆ ಮಾತ್ರ ಪ್ರಯೋಜನ. ರಸ್ತೆಯ ನಡುವೆ ನಿಂತರೆ ಮೊದಲು ರಸ್ತೆಗಿಳಿದು, ಬೈಕುಗಳ ನಡುವೆ ನುಸುಳಿ, ಮತ್ತೆ ಮೇಲೇರಬೇಕು. ಚಾಲಕರು ಅಂಚಿಗೆ ಬರದಿರುವುದಕ್ಕೂ ಕಾರಣಗಳಿವೆ. ಬಸ್ಸು ನಿಲ್ಲಲೆಂದು ರಸ್ತೆಯ ಅಂಚನ್ನು ಒಳಸರಿಸಿ ಮಾಡಿದ ಬಸ್ ಬೇಯಲ್ಲಿ ಆಟೊ, ಕಾರು ನಿಂತಿರುತ್ತವೆ. ಒಳಗೆ ಹೋದರೆ ಮತ್ತೆ ಹೊರಗೆ ಬರಲು ಯಾರೂ ದಾರಿ ಬಿಡುವುದಿಲ್ಲ. ಇದಕ್ಕೆ ಹಲವು ನಗರಗಳು ಕಂಡುಕೊಂಡ ಉತ್ತರ ಬೇಯನ್ನು ತೆಗೆದು ಫುಟ್‌ಪಾತನ್ನೇ ಬಸ್ಸಿನವರೆಗೆ ಮುಂದಕ್ಕೆ ಚಾಚುವುದು. ಬಸ್ಸು ತನ್ನ ಪಥದಲ್ಲೇ ನಿಲ್ಲುತ್ತದೆ, ಜನ ನೇರವಾಗಿ ಹತ್ತುತ್ತಾರೆ. ಕಾಯುವವರಿಗೂ ಜಾಗ ಹೆಚ್ಚುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ವಾಹನಗಳೆಲ್ಲ ಅಂಗವಿಕಲರಿಗೆ ಎಟುಕುವಂತಿರಬೇಕು ಎನ್ನುತ್ತದೆ. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನಿಯಮಗಳಲ್ಲಿದ್ದ ಮಾನದಂಡಗಳು ಬರೀ ಸಲಹೆಯಂತಿವೆ, ಪಾಲಿಸಲೇಬೇಕಾದ ಕನಿಷ್ಠ ಮಾನದಂಡಗಳನ್ನು ರೂಪಿಸಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಎಟುಕುವ ಸಾರಿಗೆ ಇನ್ನು ಮುಂದೆ ಯಾರದೋ ಕರುಣೆಯ ಮಾತಾಗಿ ಉಳಿದಿಲ್ಲ.

ಕಣ್ಣು ಕಾಣದವರ ಕಷ್ಟ ಬೇರೆ. ಸ್ಟಾಪಿಗೆ ನಾಲ್ಕು ಬಸ್ಸು ಒಟ್ಟಿಗೆ ಬಂದರೆ ತಮ್ಮದು ಯಾವುದು, ಬಾಗಿಲು ಎಲ್ಲಿ ಎಂಬುದು ಅವರಿಗೆ ತಿಳಿಯಬೇಕು. ಮೈಸೂರಿನ ನಗರ ಸಾರಿಗೆ ಬಸ್ಸುಗಳಲ್ಲಿ ಕೆಎಸ್‌ಆರ್‌ಟಿಸಿ ತಂದ ‘ಧ್ವನಿ ಸ್ಪಂದನ’ ಇದಕ್ಕೊಂದು ಸೊಗಸಾದ ಉತ್ತರ. ಪ್ರಯಾಣಿಕರ ಕೈಯಲ್ಲಿರುವ ಸಣ್ಣ ಸಾಧನದ ಗುಂಡಿ ಒತ್ತಿದರೆ ಹತ್ತಿರದ ಬಸ್ಸುಗಳ ಸಂಖ್ಯೆ ಕೇಳಿಸುತ್ತದೆ. ತಮ್ಮ ಬಸ್ಸನ್ನು ಆಯ್ದುಕೊಂಡರೆ ಆ ಬಸ್ಸಿನ ಬಾಗಿಲ ಬಳಿಯ ಸ್ಪೀಕರ್ ದನಿ ಮಾಡುತ್ತದೆ. ದನಿಯನ್ನು ಹಿಡಿದು ಬಾಗಿಲು ತಲುಪಬಹುದು. ಅದೇ ದನಿ ಕೇಳಿ ಚಾಲಕರಿಗೂ ಒಬ್ಬರು ಹತ್ತಲಿದ್ದಾರೆ ಎಂದು ಗೊತ್ತಾಗುತ್ತದೆ. ಮೈಸೂರಿನಲ್ಲಿ ಆದದ್ದು ಬೆಂಗಳೂರು, ಮಂಗಳೂರು, ಕಲಬುರಗಿಗಳಲ್ಲಿ ಆಗದಿರಲು ಕಾರಣವಿಲ್ಲ.

ಮೆಟ್ರೊ ನಿಲ್ದಾಣದ ನೆಲದಲ್ಲಿ ಹಳದಿ ಉಬ್ಬುಗೆರೆಯ ಹಾಸನ್ನು ಎಲ್ಲರೂ ನೋಡಿದ್ದೇವೆ. ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ ಈ ಹಾಸನ್ನು 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಕಿದರು. ಉದ್ದ ಗೆರೆಗಳು ದಾರಿ ತೋರುತ್ತವೆ. ಗುಂಡು ಚುಕ್ಕೆಗಳು ನಿಲ್ಲಿ, ಎಚ್ಚರ ಎನ್ನುತ್ತವೆ. ನಮ್ಮ ಮೆಟ್ರೊದಲ್ಲಿ ಇದು ಒಳಗೆಲ್ಲ ಇದೆ, ಲಿಫ್ಟ್ ಇದೆ, ರೈಲಿನ ತಳವೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟದಲ್ಲಿವೆ. ಆದರೆ ನಿಲ್ದಾಣದ ಕೊನೆಯ ಮೆಟ್ಟಿಲು ದಾಟಿದ ಕೂಡಲೇ ಆ ಹಳದಿ ದಾರಿ ಮುಗಿದು ಒಡೆದ ಚಪ್ಪಡಿ ಶುರುವಾಗುತ್ತದೆ. ಕೋಲು ಹಿಡಿದು ಅದನ್ನೇ ನಂಬಿ ಬಂದವರು ಅಲ್ಲಿಂದ ಮುಂದೆ ಯಾರನ್ನು ನಂಬಬೇಕು?

ಮೆಟ್ರೊದ ಒಳಗೂ ಆಗಬೇಕಾದ ಒಂದು ಮುಖ್ಯ ಕೆಲಸವಿದೆ. ನಮ್ಮ ಮೆಟ್ರೊ ರೈಲಿಗೆ ವಿದ್ಯುತ್ ಬರುವುದು ಹಳಿಯ ಪಕ್ಕದ ಮೂರನೇ ಹಳಿಯಿಂದ; ಅದರಲ್ಲಿ ಇರುವುದು 750 ವೋಲ್ಟ್. 2024ರ ಹೊಸ ವರ್ಷದ ದಿನ ಇಂದಿರಾನಗರ ನಿಲ್ದಾಣದಲ್ಲಿ ಬಿದ್ದ ಫೋನ್ ಎತ್ತಿಕೊಳ್ಳಲು ಮಹಿಳೆಯೊಬ್ಬರು ಹಳಿಗಿಳಿದಾಗ ಸಿಬ್ಬಂದಿ ಕೂಡಲೇ ವಿದ್ಯುತ್ ಕಡಿತ ಮಾಡಿ ಜೀವ ಉಳಿಸಿದರು. ಆಮೇಲೆ ಹಳಿಗೆ ಬಿದ್ದವರು, ಹಾರಿದವರಲ್ಲಿ ಕೆಲವರು ಉಳಿಯಲಿಲ್ಲ. ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ತಡೆ, ರೈಲು ಬಂದಾಗ ಮಾತ್ರ ತೆರೆಯುವ ಬಾಗಿಲು ಇದ್ದರೆ ಈ ಅಪಾಯ ಬಹುಪಾಲು ಇಲ್ಲವಾಗುತ್ತದೆ. ಗುಲಾಬಿ ಮಾರ್ಗದ ಸುರಂಗ ನಿಲ್ದಾಣಗಳಿಗೆ ಅಂಥ ಬಾಗಿಲುಗಳ ಯೋಜನೆಯಿದೆ. ಹಳೆಯ ನಿಲ್ದಾಣಗಳಲ್ಲಿ, ಮೊದಲು ಮೆಜೆಸ್ಟಿಕ್‌ನಂಥ ಕಿಕ್ಕಿರಿದ ಕಡೆ, ಹಂತಹಂತವಾಗಿ ಅವನ್ನು ಅಳವಡಿಸುವ ನಿರ್ಧಾರ ಬೇಗ ಆಗಬೇಕು.

ಕೈಗೆಟುಕುವ ದರ, ಸಾಕಾಗುವಷ್ಟು ಬಸ್ಸು

ಬಾಗಿಲು ಎಷ್ಟು ಅಗಲವಿದ್ದರೂ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದು ಮುಚ್ಚಿದಂತೆಯೇ. 2023ರ ಜೂನ್ 11ರಂದು ಆರಂಭವಾದ, ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಈ ಬಾಗಿಲನ್ನು ತೆರೆಯಿತು. 2025ರ ಜುಲೈ ಹೊತ್ತಿಗೆ 500 ಕೋಟಿ ಶೂನ್ಯ ಟಿಕೆಟ್ ವಿತರಣೆಯಾಗಿತ್ತು. ಮನೆಗೆಲಸಕ್ಕೆ ಹೋಗುವವರು ಎರಡು ಸ್ಟಾಪು ನಡೆದು ಉಳಿಸುತ್ತಿದ್ದ ಹಣ ಈಗ ನಡೆಯದೆಯೇ ಉಳಿಯುತ್ತದೆ. ದೂರದ, ಹೆಚ್ಚು ಸಂಬಳದ ಕೆಲಸವನ್ನೂ ಹುಡುಕಬಹುದು. ಬಸ್ಸಿನಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದಷ್ಟೂ ಇನ್ನೊಬ್ಬ ಹೆಣ್ಣುಮಗಳಿಗೆ ಬಸ್ಸು ಸುರಕ್ಷಿತ ಅನ್ನಿಸುತ್ತದೆ. ದರ, ಅನುಕೂಲ, ಸುರಕ್ಷತೆ ಒಂದರೊಳಗೊಂದು ಹೆಣೆದಿರುವುದು ಹೀಗೆ.

ಆದರೆ ಜನ ಹೆಚ್ಚಿದಷ್ಟು ಬಸ್ಸು ಹೆಚ್ಚದಿದ್ದರೆ ನೂಕುನುಗ್ಗಲು. ನೂಕುನುಗ್ಗಲಿನಲ್ಲಿ ಕಿರುಕುಳ ಕೊಡುವವರಿಗೆ ಮರೆ ಸಿಗುತ್ತದೆ, ಮುದುಕರಿಗೆ ಸೀಟು ತಪ್ಪುತ್ತದೆ, ಶಾಲೆಯ ಮಕ್ಕಳು ಫುಟ್‌ಬೋರ್ಡಿನಲ್ಲಿ ನೇತಾಡುತ್ತಾರೆ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯದ ಸೇವಾ ಮಾನದಂಡ ಒಂದು ಲಕ್ಷ ಜನಕ್ಕೆ 60 ಬಸ್ಸು ಇದ್ದರೆ ಉತ್ತಮ ಎನ್ನುತ್ತದೆ. ಒಂದೂಕಾಲು ಕೋಟಿ ದಾಟಿದ ನಗರಕ್ಕೆ ಆ ಲೆಕ್ಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಬಸ್ಸು ಬೇಕು. ಶಕ್ತಿ ಯೋಜನೆಯ ಹಣವನ್ನು ಸರ್ಕಾರ ನಿಗಮಗಳಿಗೆ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಮಾತ್ರ ಅವು ಹೊಸ ಬಸ್ಸು ಕೊಳ್ಳಬಲ್ಲವು.

ಇನ್ನೊಂದು ಕಡೆ ಮೆಟ್ರೊ. 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದರ ಹೆಚ್ಚಿದಾಗ ಕಾರಿನವರು ಕಾರಿಗೆ ಮರಳಬಹುದು. ಬಡವರು ಇನ್ನೂ ಬೇಗ ಎದ್ದು ಎರಡು ಬಸ್ಸು ಬದಲಿಸುತ್ತಾರೆ. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲೇ ತೋರಿಸಿಕೊಟ್ಟ ತತ್ವವೊಂದಿದೆ. ಸಾರ್ವಜನಿಕ ಸಾರಿಗೆಗೆ ಹೊಸದಾಗಿ ಬಂದ ಪ್ರತಿ ಪ್ರಯಾಣಿಕರೂ ಉಳಿದವರಿಗೆ ಉಪಕಾರ ಮಾಡುತ್ತಾರೆ. ಜನ ಹೆಚ್ಚಿದರೆ ಬಸ್ಸು ಹೆಚ್ಚುತ್ತದೆ, ಬಸ್ಸು ಹೆಚ್ಚಿದರೆ ಎಲ್ಲರೂ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಆದ್ದರಿಂದ ಸಾರಿಗೆಗೆ ಸಾರ್ವಜನಿಕ ಹಣ ಹಾಕುವುದು ಲೆಕ್ಕಶಾಸ್ತ್ರದ ಪ್ರಕಾರವೂ ಸರಿಯೇ. ನಷ್ಟ ಎಂಬ ಒಂದೇ ಕಾಲಂ ನೋಡಿ ಮಾರ್ಗ ನಿಲ್ಲಿಸಿದರೆ ಈ ಚಕ್ರ ಹಿಂದಕ್ಕೆ ತಿರುಗುತ್ತದೆ: ಬಸ್ಸು ಕಡಿಮೆ, ಕಾಯುವುದು ಹೆಚ್ಚು, ಜನ ಇನ್ನೂ ಕಡಿಮೆ.

ಒಂದಕ್ಕೊಂದು ಸೇರದ ನಿಲ್ದಾಣಗಳು

2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತೆರೆಯಿತು. ವಿಮಾನ ನಿಲ್ದಾಣದಂತೆ ಕಾಣುವ ಹವಾನಿಯಂತ್ರಿತ ರೈಲು ನಿಲ್ದಾಣ. ಬೈಯಪ್ಪನಹಳ್ಳಿ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ಎರಡಕ್ಕೂ ನೇರ ಸಂಪರ್ಕವಿಲ್ಲ. ರಾತ್ರಿ ರೈಲಿಳಿದು ಪೆಟ್ಟಿಗೆ, ಮಕ್ಕಳೊಂದಿಗೆ ಬರುವವರು ಆಟೊ ಕೇಳಿದಷ್ಟು ಕೊಟ್ಟು ಹೋಗಬೇಕಾಗುತ್ತದೆ. ಎರಡೂ ಒಳ್ಳೆಯ ಕಟ್ಟಡಗಳು. ನಡುವಿನ ದಾರಿ ಯಾರ ಜವಾಬ್ದಾರಿಯೂ ಆಗಲಿಲ್ಲ.

ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ಇನ್ನೊಂದು ಪಾಠ. ಅವಳಿ ನಗರಗಳ ನಡುವೆ 22 ಕಿಲೋಮೀಟರ್ ಮೀಸಲು ಪಥದಲ್ಲಿ 2018ರಿಂದ ಓಡುತ್ತಿರುವ ‘ಚಿಗರಿ’ ಬಸ್ಸುಗಳಿಗೆ ಮೆಟ್ರೊದಂಥ ನಿಲ್ದಾಣವಿದೆ. ಟಿಕೆಟ್ ಮೊದಲೇ ಪಡೆಯುತ್ತಾರೆ, ಬಸ್ಸಿನ ತಳ ನಿಲ್ದಾಣದ ಮಟ್ಟದಲ್ಲೇ ಇದೆ, ಹತ್ತುವುದು ಸಲೀಸು. ಹತ್ತುವ ಹಂತದ ಸಮಸ್ಯೆಗೆ ನಮ್ಮ ರಾಜ್ಯದಲ್ಲೇ ಸಿಕ್ಕ ಉತ್ತಮ ಉತ್ತರ ಇದು. ಆದರೆ ನಿಲ್ದಾಣ ಇರುವುದು ರಸ್ತೆಯ ನಡುವೆ. ಅಲ್ಲಿಗೆ ಹೋಗಲು, ಅಲ್ಲಿಂದ ಬರಲು ವಾಹನಗಳ ಸಾಲನ್ನು ದಾಟಲೇಬೇಕು. ಆ ದಾಟುವ ಜಾಗಕ್ಕೂ ನಿಲ್ದಾಣಕ್ಕೆ ಕೊಟ್ಟಷ್ಟೇ ಗಮನ ಕೊಟ್ಟರೆ ವ್ಯವಸ್ಥೆ ಪೂರ್ಣವಾಗುತ್ತದೆ.

ಬೇರೆ ಬೇರೆ ಇಲಾಖೆಗಳನ್ನು ಒಂದು ಮೇಜಿನ ಸುತ್ತ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಕಾಯ್ದೆ 2022ರಲ್ಲಿ ಬಂತು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ನಗರ ಐದು ಪಾಲಿಕೆಗಳಾಗಿರುವಾಗ ಅಂಥದೊಂದು ಮೇಜು ಇನ್ನೂ ಹೆಚ್ಚು ಬೇಕು. 148 ಕಿಲೋಮೀಟರಿನ ಉಪನಗರ ರೈಲು ಮಾರ್ಗಗಳು ಸಿದ್ಧವಾಗುವ ಮೊದಲೇ ಪ್ರತಿ ನಿಲ್ದಾಣದ ಸುತ್ತಲಿನ ಅರ್ಧ ಕಿಲೋಮೀಟರಿನ ಫುಟ್‌ಪಾತು, ದೀಪ, ಬಸ್ ಸ್ಟಾಪುಗಳ ನಕ್ಷೆ ಆ ಪ್ರಾಧಿಕಾರದ ಕೈಯಲ್ಲಿರಬೇಕು. ಬಸ್ಸು, ಮೆಟ್ರೊ, ರೈಲು ಮೂರಕ್ಕೂ ಒಂದೇ ಟಿಕೆಟ್ ಇದ್ದು, ಒಂದರಿಂದ ಇನ್ನೊಂದಕ್ಕೆ ಬದಲಾದಾಗ ಮತ್ತೆ ಕನಿಷ್ಠ ದರ ಕೊಡುವ ಹೊರೆ ತಪ್ಪಬೇಕು.

ಓಡಿಸುವವರ ಕ್ಷೇಮ

ಪ್ರಯಾಣಿಕರ ಸುರಕ್ಷತೆ ಕೊನೆಗೆ ನಿಂತಿರುವುದು ಚಾಲಕರು, ನಿರ್ವಾಹಕರ ಮೇಲೆ. ಮುಗಿಸಲಾಗದಷ್ಟು ಬಿಗಿಯಾದ ಶೆಡ್ಯೂಲ್ ಕೊಟ್ಟರೆ ಚಾಲಕರು ಸ್ಟಾಪಿನಲ್ಲಿ ಪೂರ್ತಿ ನಿಲ್ಲಿಸದೆ ಹೊರಡುತ್ತಾರೆ. ಟ್ರಿಪ್‌ಗಳ ನಡುವೆ ವಿಶ್ರಾಂತಿ ಇಲ್ಲದಿದ್ದರೆ ಗಮನ ತಪ್ಪುತ್ತದೆ. ಗುತ್ತಿಗೆಯ ವಿದ್ಯುತ್ ಬಸ್ಸುಗಳಲ್ಲಿ ಚಾಲಕರು ಖಾಸಗಿ ಕಂಪನಿಯವರು. ಅವರಿಗೂ ನಿಗಮದ ಚಾಲಕರಿಗೆ ಸಿಗುವಷ್ಟೇ ತರಬೇತಿ, ಅಷ್ಟೇ ವಿಶ್ರಾಂತಿ ಸಿಗಬೇಕು. ಅದನ್ನು ಗುತ್ತಿಗೆಯ ಕರಾರಿನಲ್ಲೇ ಬರೆದು ಪಾಲಿಸುವಂತೆ ನೋಡಿಕೊಳ್ಳುವುದು ನಿಗಮದ ಹೊಣೆ. ಮಹಿಳಾ ನಿರ್ವಾಹಕರು ಮಾರ್ಗದ ಕೊನೆಯ ಸ್ಟಾಪಿನಲ್ಲಿ ಶೌಚಾಲಯವಿಲ್ಲದೆ ದಿನವಿಡೀ ನೀರು ಕುಡಿಯದೆ ದುಡಿಯುವ ಸ್ಥಿತಿ ಯಾವ ಕಾರಣಕ್ಕೂ ಮುಂದುವರಿಯಬಾರದು. ಪ್ರಯಾಣಿಕರಿಗೂ ಅದೇ ಶೌಚಾಲಯ ಬೇಕು: ಸ್ವಚ್ಛವಾಗಿ, ಉಚಿತವಾಗಿ, ರಾತ್ರಿಯೂ ತೆರೆದು.

ಬಸ್ಸಿನಲ್ಲಿ ನಿರ್ವಾಹಕರಿರುವುದು ಬರೀ ಟಿಕೆಟ್ ಹರಿಯುವುದಕ್ಕಲ್ಲ. ಕಿರುಕುಳ ಕೊಟ್ಟವನನ್ನು ಕೆಳಗಿಳಿಸುವವರು, ಅಜ್ಜನಿಗೆ ಸೀಟು ಬಿಡಿಸುವವರು, ಊರಿಗೆ ಹೊಸಬರಾದವರಿಗೆ ಇಳಿಯುವ ಸ್ಟಾಪು ಹೇಳುವವರು ಅವರೇ. ಟಿಕೆಟ್ ಯಂತ್ರ ಬಂತು, ಯುಪಿಐ ಬಂತು, ನಿರ್ವಾಹಕರನ್ನು ಕಡಿಮೆ ಮಾಡಬಹುದು ಎಂದು ಲೆಕ್ಕ ಹಾಕುವವರು ಈ ಕೆಲಸಗಳಿಗೂ ಬೆಲೆ ಕಟ್ಟಿ ನೋಡಲಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಪ್ರತಿ ವಾರ್ಡಿನಲ್ಲಿ ಅತಿ ಹೆಚ್ಚು ಜನ ಹತ್ತಿಳಿಯುವ ಹತ್ತು ಸ್ಟಾಪುಗಳನ್ನು ಆರಿಸಿ. ಅವುಗಳ ಸುತ್ತ ಐನೂರು ಮೀಟರ್ ಫುಟ್‌ಪಾತು, ದೀಪ, ದಾಟುವ ಜಾಗ ಸರಿಪಡಿಸಿ. ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೊಮ್ಮೆ ನಿಜವಾಗಿ ಬರುತ್ತಿದೆ ಎಂಬುದನ್ನು ಅಳೆದು ಪ್ರತಿ ತಿಂಗಳು ಪ್ರಕಟಿಸಿ. ಬಸ್ಸಿನಲ್ಲಿರುವ ಜಿಪಿಎಸ್‌ನಿಂದ ಆ ಮಾಹಿತಿ ಸಂಸ್ಥೆಯ ಬಳಿ ಈಗಾಗಲೇ ಇದೆ. ರಾತ್ರಿ ಒಂಬತ್ತರ ನಂತರ ಬೇಕೆಂದಲ್ಲಿ ಇಳಿಯುವ ಹಕ್ಕು ಕೊಡುವ ಸುತ್ತೋಲೆ ಹೊರಡಿಸಿ. ಇನ್ನು ಮುಂದೆ ಕೊಳ್ಳುವ ಪ್ರತಿ ನಗರ ಬಸ್ಸೂ ತಗ್ಗುತಳದ್ದೇ ಆಗಿರಲಿ. ಈ ಕೆಲಸಗಳ ಪರಿಶೀಲನೆಗೆ ಗಾಲಿಕುರ್ಚಿಯವರು, ಕಣ್ಣು ಕಾಣದವರು, ಗಾರ್ಮೆಂಟ್ಸ್ ಕಾರ್ಮಿಕರು, ವಿದ್ಯಾರ್ಥಿಗಳು, ಬಸ್ ಚಾಲಕರು ಇರುವ ಸಮಿತಿ ಮಾಡಿ. ಅವರು ಸರಿ ಎನ್ನುವವರೆಗೆ ಗುತ್ತಿಗೆದಾರರಿಗೆ ಬಿಲ್ ಪಾವತಿಸಬೇಡಿ.

ಇದಕ್ಕೆ ಬೇಕಾದ ಹಣ ಒಂದು ಮೇಲ್ಸೇತುವೆಗೋ ಸುರಂಗ ರಸ್ತೆಗೋ ಸುರಿಯುವುದರ ಮುಂದೆ ಚಿಕ್ಕದು. ಅದರ ಫಲ ದಿನಕ್ಕೆ ಅರ್ಧ ಕೋಟಿಯಷ್ಟು ಜನಕ್ಕೆ. ಮುಂದಿನ ಬಜೆಟ್‌ನಲ್ಲಿ ಎಷ್ಟು ಬಸ್ಸು, ಎಷ್ಟು ಕಿಲೋಮೀಟರ್ ಎಂದು ಕೇಳುವಾಗ ಜೊತೆಗೆ ಇನ್ನೆರಡು ಪ್ರಶ್ನೆ ಕೇಳೋಣ: ಸ್ಟಾಪಿನವರೆಗಿನ ದಾರಿಗೆ ಎಷ್ಟು ಕೊಟ್ಟಿರಿ, ಕಾಯುವ ಹೊತ್ತನ್ನು ಎಷ್ಟು ತಗ್ಗಿಸುವಿರಿ? ಈ ಎರಡಕ್ಕೆ ಅಂಕಿಯಲ್ಲಿ ಉತ್ತರ ಕೊಡುವ ಸರ್ಕಾರವೇ ಸಾರ್ವಜನಿಕ ಸಾರಿಗೆಯನ್ನು ನಿಜವಾಗಿ ಸಾರ್ವಜನಿಕವಾಗಿಸುವ ಸರ್ಕಾರ.